ದೃಷ್ಟಿ ತೆಗೆದದ್ದು ಅಸಹ್ಯವಂತೆ!

"ಡಿಸ್ಗಸ್ಟಿಂಗ್!"

ಬಾಗಿಲಲ್ಲಿ ನಿಂತಿದ್ದ ಹೆಂಗಸು ನನ್ನ ಮುಖಕ್ಕೆ ಹೊಡೆದ ಹಾಗೆ ಅಂದಳು. ನನ್ನ ಮುಷ್ಟಿಯಲ್ಲಿ ಇನ್ನೂ ಉಪ್ಪು, ಒಣಮೆಣಸಿನಕಾಯಿ ಇದ್ದವು. ನನ್ನೆದುರು ಅವಳ ತಾಯಿ ಮಾರ್ಗರೆಟ್ ಅಜ್ಜಿ ನೀಲಿ ಗೌನು ತೊಟ್ಟು ಕುರ್ಚಿಯಲ್ಲಿ ಕೂತಿದ್ದಳು. ಅಂದು ಅಜ್ಜಿಗೆ ತೊಂಬತ್ತು ತುಂಬಿತ್ತು.

ನಾನು ಮೂಡಲಗಿ ಕಡೆಯವಳು, ಕುರಿ ಕಾಯ್ದು ಹೊಲ ಮಾಡುವ ಮನೆತನ. ಹುಕ್ಕೇರಿಯ ಒಂದು ಆಸ್ಪತ್ರೆಯಲ್ಲಿ ಆರು ವರ್ಷ ನರ್ಸ್ ಆಗಿದ್ದು, ಈಗ ಸ್ಕಾಟ್‌ಲೆಂಡಿನ ಅಬರ್ಡೀನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ದುಡಿಯುತ್ತೇನೆ. ಮೀನು ಕರಿಯುವ ಅಂಗಡಿಯ ಮೇಲಿನ ಒಂದು ಖೋಲಿ ನನ್ನ ಬಿಡಾರ. ಮೊದಲ ತಿಂಗಳು ಮಾತಾಡಲು ಯಾರೂ ಇಲ್ಲದೆ ಕನ್ನಡಿಯ ಜೊತೆ ಮಾತಾಡಿದ್ದೂ ಉಂಟು.

ಇಲ್ಲಿ ನಾನು ಬೇಗ ಕಲಿತ ಇಂಗ್ಲಿಷ್ ಹೇಸಿಗೆಯ ಇಂಗ್ಲಿಷ್. ನಮ್ಮಲ್ಲಿ 'ಇಶ್ಶಿ' ಒಂದಿದ್ದರೆ ಸಾಕು. ಚಪ್ಪಲಿಗೆ ಹೊಲಸು ಹತ್ತಿದರೂ ಇಶ್ಶಿ, ಗಂಡ ಜಳಕ ಮಾಡದೆ ಊಟಕ್ಕೆ ಕೂತರೂ ಇಶ್ಶಿ. ಇವರದು ಹಾಗಲ್ಲ. ಬಾಯಿಗೆ ಸೇರದ್ದಕ್ಕೆ 'ಯಕ್', ನೋಡಲಾಗದ್ದಕ್ಕೆ 'ಈಯೂ', ಹರೆಯದವರ ಬಾಯಲ್ಲಿ ಎಲ್ಲದಕ್ಕೂ 'ಗ್ರೋಸ್'. ನಾರುವುದಕ್ಕೆ, ಗಲೀಜಿಗೆ ಈ ಕಡೆಯವರದೇ ಒಂದು ಮಾತಿದೆ, 'ಮಿಂಗಿಂಗ್'. ಇದನ್ನೆಲ್ಲ ಕಲಿಸಿದವಳು ಜೊತೆಯಲ್ಲಿ ಕೆಲಸ ಮಾಡುವ ಕರ್ಸ್ಟಿ. ನನ್ನ ಡಬ್ಬಿಯ ಕರಿ ಗುರೆಳ್ಳು ಚಟ್ನಿಪುಡಿ ನೋಡಿ, "ಈಯೂ, ಇದೇನು ಮಣ್ಣು?" ಎಂದವಳೂ ಅವಳೇ. ಹಂದಿಯ ರಕ್ತ ಹೆಪ್ಪುಗಟ್ಟಿಸಿ 'ಬ್ಲ್ಯಾಕ್ ಪುಡಿಂಗ್' ಎಂದು ನಾಷ್ಟಾಕ್ಕೆ ತಿನ್ನುವವರು ಚಟ್ನಿಗೆ ಮೂಗು ಮುರಿಯುತ್ತಾರೆ! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಹಾಗೆಂದು ಅವಳ ಮುಖದ ಮೇಲೇ ಹೇಳಿದೆ. ನಕ್ಕಳು, ಒಂದು ಚಿಟಿಕೆ ನೆಕ್ಕಿದಳು, ಮರುದಿನ ತಾನೇ ಕೇಳಿದಳು.

"ಡಿಸ್ಗಸ್ಟಿಂಗ್ ಮಾತ್ರ ಹುಷಾರು," ಎಂದು ಅವಳೇ ಹೇಳಿದ್ದಳು. "ಯಕ್ ಅಂದರೆ ತಟ್ಟೆ ದೂರ ತಳ್ಳುತ್ತಾರೆ. ಡಿಸ್ಗಸ್ಟಿಂಗ್ ಅಂತ ನಿನಗೆ ಅಂದರೆ, ನಿನ್ನನ್ನೇ ತಳ್ಳಿದರು ಅಂತ."

ಅಜ್ಜಿಯ ಹುಟ್ಟುಹಬ್ಬದ ದಿನ ನಾನು ಮಾಡಿದ್ದಾದರೂ ಏನು? ಅಜ್ಜಿಗೆ ಜಳಕ ಮಾಡಿಸಿದೆ, ತಲೆ ಬಾಚಿದೆ, ಕೊರಳಿಗೆ ಮುತ್ತಿನ ಸರ ಹಾಕಿದೆ. ಎಷ್ಟು ಚೆಂದ ಕಂಡಳೆಂದರೆ, ನನ್ನ ಕಣ್ಣೇ ತಾಗೀತು ಅನ್ನಿಸಿತು. ಅಡುಗೆಮನೆಯ ಉಪ್ಪು, ನನ್ನ ಚೀಲದಲ್ಲಿದ್ದ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ನಿವಾಳಿಸಿ, ಮುಷ್ಟಿಗೆ ಥೂ, ಥೂ, ಥೂ ಅಂದೆ. ಬರೀ ಉಸಿರು, ಒಂದು ಹನಿಯೂ ಇಲ್ಲ. ನಮ್ಮಲ್ಲಿ ಇಷ್ಟು ಮಾಡದಿದ್ದರೆ, ಮುದುಕಿಯ ಮೇಲೆ ಕಕ್ಕುಲಾತಿಯೇ ಇಲ್ಲ ಎಂದು ಆಡಿಕೊಳ್ಳುತ್ತಾರೆ. ಇಲ್ಲಿ ಮಗಳು ದೂರು ಬರೆದಳು: ನಿಮ್ಮ ನರ್ಸ್ ನನ್ನ ತಾಯಿಯ ಮೇಲೆ ಉಗುಳಿದಳು.

ಮ್ಯಾನೇಜರಮ್ಮ ಒಂದು ಹಾಳೆ ಮುಂದಿಟ್ಟಳು. 'ನನ್ನ ಡಿಸ್ಗಸ್ಟಿಂಗ್ ವರ್ತನೆಗೆ ಕ್ಷಮೆ ಬೇಡುತ್ತೇನೆ.' ನಾಳೆಯೊಳಗೆ ಸಹಿ ಮಾಡಬೇಕು, ಇಲ್ಲವಾದರೆ ಕೆಲಸವಿಲ್ಲ. ಕೆಲಸ ಹೋದರೆ ವೀಸಾವೂ ಹೋದಂತೆ.

ಖೋಲಿಗೆ ಬಂದು ಅವ್ವನಿಗೆ ಫೋನು ಹಚ್ಚಿದೆ. ಸಹಿ ಮಾಡು, ನೌಕರಿ ಉಳಿಸಿಕೋ ಅನ್ನುತ್ತಾಳೆ ಎಂದುಕೊಂಡಿದ್ದೆ. ನಡೆದದ್ದೆಲ್ಲ ಕೇಳಿಸಿಕೊಂಡು ಅವ್ವ ಕೇಳಿದಳು.

"ನಾ ನಿನಗ ಹುಟ್ಟಿದಾಗಿಂದ ಥೂ ಥೂ ಅನ್ಕೋತ ಬಂದೇನಿ. ಅದೂ ಹೇಸಿಗೀನ ಏನ?"

"ಅಲ್ಲಬೇ."

"ಮತ್ತ ಯಾಕ ಬರದ ಕೊಡ್ತಿ? ನೌಕರಿ ಹೋದ್ರ ಹೋಗ್ಲಿ, ಬಾ. ಕುರಿ ಅದಾವು, ರೊಟ್ಟಿ ಐತಿ."

ನನ್ನ ಭಯ ಸಿಟ್ಟಾಯಿತು. ಆ ವಯಸ್ಸಾದವರ ಮನೆಯಲ್ಲಿ ದಿನಕ್ಕೆ ಹತ್ತು ಜನರ ಮಲಮೂತ್ರ ಬಳಿಯುತ್ತೇನೆ, ಒಂದು ದಿನವೂ ಈಯೂ ಅಂದವಳಲ್ಲ. ನನಗೆ ಹೇಸಿಗೆಯ ಪಾಠವೇ?

ಮರುದಿನ ಹಾಳೆಯನ್ನು ಹಾಗೆಯೇ ವಾಪಸ್ ಇಟ್ಟೆ. "ಕೇಳದೆ ಮಾಡಿದೆ, ಅದು ತಪ್ಪು. ಅದಕ್ಕೆ ಕ್ಷಮೆ ಬರೆಯುತ್ತೇನೆ. ಆ ಒಂದು ಪದ ಇದ್ದರೆ ಸಹಿ ಇಲ್ಲ. ಬೇಕಾದರೆ ಅಜ್ಜಿಯನ್ನೇ ಕೇಳಿ. ಇಲ್ಲಿಯವರೆಗೆ ಅವಳನ್ನು ಯಾರೂ ಕೇಳಿಲ್ಲ."

ಮಗಳ ಎದುರಲ್ಲೇ ಕೇಳಿದರು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಹೇಳಿದಳು: "ಉಗುಳಿದ್ದರೆ ನಾನೇ ಕೂಗುತ್ತಿದ್ದೆ. ನಾನೇನು ಸತ್ತಿದ್ದೇನಾ? ನನ್ನ ಮುಖ ಒಣಗಿಯೇ ಇತ್ತು. ಈ ಗದ್ದಲದಲ್ಲಿ ಕೇಕ್ ತಿನ್ನುವುದು ತಡವಾಯಿತು, ಅದು ಡಿಸ್ಗಸ್ಟಿಂಗ್."

ಮ್ಯಾನೇಜರಮ್ಮ ಪೆನ್ನು ತೆಗೆದು ಆ ಪದದ ಮೇಲೆ ಗೆರೆ ಎಳೆದಳು. ನಾನು ಸಹಿ ಹಾಕಿದೆ. ಕೆಲಸ ಉಳಿಯಿತು. ಮಗಳು ಇವತ್ತಿಗೂ ನನ್ನ ಕಡೆ ನೋಡುವುದಿಲ್ಲ. ನೋಡದಿದ್ದರೆ ಬಿಡಲಿ.

ಮೊನ್ನೆ ರಜೆಗೆ ಊರಿಗೆ ಬಂದೆ. ಹೊಸ್ತಿಲು ದಾಟುವ ಮೊದಲೇ ಅವ್ವ ಉಪ್ಪು ಮೆಣಸಿನಕಾಯಿ ಹಿಡಿದು ನಿಂತಿದ್ದಳು. ಎಲೆ ಅಡಿಕೆಯ ಬಾಯಿ, ಮುಂದಿನ ಎರಡು ಹಲ್ಲಿಲ್ಲ. ಥೂ, ಥೂ ಅನ್ನುವಷ್ಟರಲ್ಲಿ ಒಂದು ಕೆಂಪು ಹನಿ ನನ್ನ ಕೆನ್ನೆಗೆ ಸಿಡಿಯಿತು.

"ಈಯೂ!"

ನನ್ನ ಬಾಯಿಂದಲೇ ಬಂತು. ನಾನು ತಡೆಯುವ ಮೊದಲೇ ಕೈ ಕೆನ್ನೆ ಒರೆಸಿಬಿಟ್ಟಿತು. ಅವ್ವನಿಗೆ ಆ ಮಾತು ತಿಳಿಯದು, ಆದರೆ ಕೈ ಕಂಡಿತು. ಅವಳ ಮುಷ್ಟಿ ಮೆಲ್ಲಗೆ ಕೆಳಗಿಳಿಯಿತು. ಮ್ಯಾನೇಜರಮ್ಮನ ಆಫೀಸಿನಲ್ಲಿ ಯಾರಿಗೂ ತಲೆ ತಗ್ಗಿಸದವಳು ಇಲ್ಲಿ ನಾಚಿಕೆಯಿಂದ ಸತ್ತೆ.

ಅವಳ ಮಣಿಕಟ್ಟು ಹಿಡಿದು ಮುಷ್ಟಿಯನ್ನು ಮತ್ತೆ ನನ್ನ ಮುಖದ ಹತ್ತಿರ ತಂದುಕೊಂಡೆ.

"ಮೂರನೇದು ಉಳದೈತಿ, ಅನ್ನಬೇ," ಅಂದೆ. ಒರೆಸಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.