ಮೇಲಿಂದ ಸೀಳಿದ ಪಾವು

ಮೊನ್ನೆ ಹಳೆಯ ತಗಡಿನ ಪೆಟ್ಟಿಗೆ ತೆಗೆದಾಗ ಅವ್ವನ ಅಡಕೊತ್ತು ಸಿಕ್ಕಿತು. ಅಕ್ಕಲಕೋಟೆಯ ತವರಿನಿಂದ ಅವಳು ತಂದದ್ದು. ಹಿಡಿಕೆಯ ಮೇಲೆ ಹಿತ್ತಾಳೆಯದೊಂದು ಗಿಳಿ ಇದೆ, ಗಿಳಿಗೆ ಕೊಕ್ಕಿಲ್ಲ. ಆ ಕೊಕ್ಕು ಮುರಿದದ್ದು ಅಡಿಕೆ ಕತ್ತರಿಸುವಾಗಲ್ಲ, ಸಮುದ್ರದ ಒಂದು ಪ್ರಾಣಿಯ ಚಿಪ್ಪು ಒಡೆಯುವಾಗ. ಅಡಕೊತ್ತನ್ನು ಮೂಗಿಗೆ ಹಿಡಿದೆ. ಬೆಣ್ಣೆ, ಉಪ್ಪುನೀರು, ಹಂಚಿನ ಮೇಲೆ ಕೆಂಪಗಾದ ಪಾವು... ಎಲ್ಲ ಒಟ್ಟಿಗೆ ಬಂದವು. ಇನ್ನೊಮ್ಮೆ ಹಿಡಿದೆ. ಬರೀ ಕಬ್ಬಿಣದ ವಾಸನೆ. ಮೊದಲು ಬಂದದ್ದು ಅಡಕೊತ್ತಿನಿಂದಲೋ ನನ್ನ ತಲೆಯಿಂದಲೋ, ಹೇಳಲಾರೆ.

ದಿನಚರಿ ಬರೆಯುವ ಚಟ ನನಗೆ ಆಗಲೇ ಇತ್ತು. ಆದರೆ ಆ ಕೊಕ್ಕು ಮುರಿದ ದಿನ ಏನೂ ಬರೆಯಲಿಲ್ಲ. ಆದ್ದರಿಂದ ಮುಂದಿನದೆಲ್ಲ ನೆನಪಿನ ಮೇಲೆ ಭಾರ ಹಾಕಿ ಹೇಳುವ ಮಾತು. ನೆನಪು ಎಷ್ಟು ಹೊತ್ತೀತು ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದ್ದದ್ದೇ.

ಮೂವತ್ತರ ದಶಕ ಶುರುವಾಗಿತ್ತು. ನಮ್ಮ ಹೊಲಗಳಿದ್ದದ್ದು ವಳಸಂಗದಲ್ಲಿ. ಅಪ್ಪ ಹೆಚ್ಚಾಗಿ ಅಲ್ಲೇ ಇರುತ್ತಿದ್ದರು. ನನ್ನ ಓದಿಗೆಂದು ಅವ್ವ ಸೊಲ್ಲಾಪುರದಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ವಾಡೆಯಲ್ಲಿ ಮನೆ ಹಿಡಿದಿದ್ದಳು. ನಾನು ಪುಣೆಯಲ್ಲಿ ಬಿ.ಎ. ಮುಗಿಸಿ ಬಂದು, ಅರ್ಜಿಗಳನ್ನು ಬರೆಯುತ್ತ, ಉತ್ತರ ಬಾರದ ದಿನಗಳಲ್ಲಿ ಪಡಸಾಲೆಯಲ್ಲಿ ಕೂತು ಓದುತ್ತಿದ್ದೆ. ಗೋಡೆಯ ಆಚೆ ವೈನಿ ಇದ್ದರು.

ವೈನಿ, ಅಂದರೆ ಅತ್ತಿಗೆ, ಎಂದು ಕರೆದರೂ ನಮಗೆ ಅವರು ನೆಂಟರಲ್ಲ. ಪಕ್ಕದ ಮನೆಯ ರೈಲ್ವೆ ಗಾರ್ಡಿನ ಹೆಂಡತಿ. ಹುಟ್ಟಿದ್ದು ಕೊಂಕಣದ ಕಡಲ ದಂಡೆಯಲ್ಲಿ. ನಮ್ಮ ಕನ್ನಡವನ್ನು ಅವ್ವನಿಂದ ಕಲಿತು, ಅದರಲ್ಲಿ ಅರ್ಧ ಮರಾಠಿ ಬೆರೆಸಿ, ಯಾರ ಅಳುಕೂ ಇಲ್ಲದೆ ಮಾತಾಡುತ್ತಿದ್ದರು. ಗಂಡ ವಾರದಲ್ಲಿ ಬಹುಪಾಲು ಗಾಡಿಯ ಮೇಲೆ. ಮದುವೆಯಾಗಿ ಬಹಳ ವರ್ಷ ಕಳೆದಿದ್ದರೂ ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಅವರು ಮರುಗಿದ್ದನ್ನು ನಾನು ಕೇಳಿಲ್ಲ. ಮರುಗುತ್ತಿದ್ದದ್ದು ಒಂದೇ ಕಾರಣಕ್ಕೆ: ಅವರ ತಂದೆ ಅವರ ಮನೆಯಲ್ಲಿ ಊಟ ಮಾಡುವಂತಿರಲಿಲ್ಲ.

ಅವರ ಕಡೆ ಅದೊಂದು ಕಟ್ಟಳೆ. ನಮ್ಮ ಕಡೆಯೂ ಕೆಲವು ಮನೆಗಳಲ್ಲಿ ಇತ್ತು. ಮಗಳಿಗೆ ಮಗುವಾಗುವ ತನಕ ಹೆತ್ತವರು ಅವಳ ಮನೆಯಲ್ಲಿ ಉಣ್ಣಬಾರದು, ನೀರೂ ಕುಡಿಯಬಾರದು. ಆ ತಂದೆ ಹಡಗಿನಲ್ಲಿ ಅಡುಗೆಯವರಾಗಿದ್ದರು. ಹಡಗು ಮುಂಬೈಗೆ ಬಂದಾಗಲೆಲ್ಲ ರಾತ್ರಿಯ ಮೇಲ್ ಗಾಡಿ ಹತ್ತಿ ಬೆಳಿಗ್ಗೆ ಸೊಲ್ಲಾಪುರದಲ್ಲಿ ಇಳಿಯುತ್ತಿದ್ದರು. ಒಂದು ಕೈಯಲ್ಲಿ ಒದ್ದೆ ಗೋಣಿಚೀಲ, ಇನ್ನೊಂದರಲ್ಲಿ ಸ್ಟೇಷನ್ನಿನ ನಳದಿಂದ ತುಂಬಿಸಿಕೊಂಡ ತಮ್ಮದೇ ತಂಬಿಗೆ. ಮಗಳ ಮನೆಯ ಕಟ್ಟೆಯ ಮೇಲೆ ಕೂತು, ತಮ್ಮ ತಂಬಿಗೆಯ ನೀರು ಕುಡಿದು, ಮಧ್ಯಾಹ್ನದ ಗಾಡಿಗೆ ಹಸಿದ ಹೊಟ್ಟೆಯಲ್ಲೇ ಹೊರಟುಬಿಡುತ್ತಿದ್ದರು.

ಗೋಣಿಚೀಲದಲ್ಲಿ, ಒದ್ದೆ ಕಟ್ಟಿಗೆಪುಡಿಯೊಳಗೆ, ಜೀವವಿದ್ದ ಶೇವಂಡಗಳು. ಕೊಂಕಣದವರು ಹಾಗೆ ಕರೆಯುತ್ತಾರೆ. ಮೊಳದುದ್ದದ ಸಿಗಡಿಯೊಂದು ಕವಚ ತೊಟ್ಟು, ಚಾಬೂಕಿನಂಥ ಎರಡು ಮೀಸೆ ಬಿಟ್ಟರೆ ಹೇಗೋ ಹಾಗೆ. ಮೊದಲ ಸಲ ನೋಡಿದಾಗ ಅವ್ವ ಎರಡು ಹೆಜ್ಜೆ ಹಿಂದೆ ಸರಿದಿದ್ದಳು.

“ಯವ್ವಾ, ಇದು ಚೇಳಿನ ಮುತ್ಯಾ ಐತಲ್ಲ! ಇದನ್ನ ತಿಂತೀರೋ, ಇದಕ್ಕ ಕೈ ಮುಗೀತೀರೋ?”

“ಮೊದಲ ತಿಂದ ನೋಡ್ರಿ ಕಾಕು, ಆಮ್ಯಾಲೆ ಕೈ ಮುಗೀರಿ,” ಅಂದಿದ್ದರು ವೈನಿ. ಅವ್ವ ಅವರಿಗೆ ಕಾಕು, ಅಂದರೆ ಚಿಕ್ಕಮ್ಮ.

ಅವ್ವ ತಿನ್ನಲಿಲ್ಲ, ನಾನು ತಿಂದೆ. ತಂದೆಯನ್ನು ಗಾಡಿ ಹತ್ತಿಸಿ ಬಂದ ಮೇಲೆ ವೈನಿ ಅದನ್ನು ಬೇಯಿಸುತ್ತಿದ್ದರು. ಬೇಯಿಸುವ ನೀರಿಗೆ ನಮ್ಮವರು ಎದೆ ಹೊಡೆದುಕೊಳ್ಳುವಷ್ಟು ಉಪ್ಪು. ಚಿಪ್ಪು ಕೆಂಪಾದೊಡನೆ ತೆಗೆದು, ಒಡೆದು, ಒಳಗಿನ ಬಿಳಿ ಮಾಂಸವನ್ನು ದಪ್ಪ ದಪ್ಪ ತುಂಡು ಮಾಡಿ, ಸಣ್ಣ ಉರಿಯಲ್ಲಿ ಕರಗಿದ ಬೆಣ್ಣೆಯಲ್ಲಿ ಹೊರಳಿಸುವುದು. ಬೆಣ್ಣೆ ಕೆಂಪಾಗಬಾರದು. ಮೇಲೆ ಒಂದಿಷ್ಟು ಮೆಣಸಿನಪುಡಿ, ಒಂದೆರಡು ಹನಿ ಲಿಂಬೆ. ಸ್ಟೇಷನ್ ಹತ್ತಿರದ ಬ್ರೆಡ್ಡಿನ ಭಟ್ಟಿಯ ಉದ್ದನೆಯ ಪಾವನ್ನು ಮಗ್ಗುಲಿಂದಲ್ಲ, ನೆತ್ತಿಯಿಂದ ಸೀಳಿ, ಎರಡೂ ಹೊರಮೈಗೆ ಬೆಣ್ಣೆ ಸವರಿ, ರೊಟ್ಟಿಯ ಹಂಚಿನ ಮೇಲೆ ಕೆಂಪಗೆ ಮಾಡಿ, ಆ ಸೀಳಿನಲ್ಲಿ ತುಂಬಿ ಬಿಸಿಯಿರುವಾಗಲೇ ಕೊಡುವುದು. ಯಾವುದೋ ದೂರದ ಬಂದರಿನಲ್ಲಿ ಅವರ ತಂದೆ ಕಲಿತದ್ದಂತೆ. ಮಗಳು ಚಿಕ್ಕವಳಿದ್ದಾಗ, ಹಡಗಿನಿಂದ ಊರಿಗೆ ಬಂದಾಗಲೆಲ್ಲ ಮಾಡಿ ತಿನ್ನಿಸುತ್ತಿದ್ದರಂತೆ. ಹಲ್ಲಿಗೆ ಮೊದಲು ಪಾವಿನ ಗರಿ, ಆಮೇಲೆ ಬೆಣ್ಣೆ, ಆಮೇಲೆ ಒಂದು ಎಳೆ ಸಿಹಿ. ಜೋಳದ ಎಳೆ ತೆನೆಯ ಸೀತನಿಯನ್ನು ಬೂದಿಯಿಂದ ತೆಗೆದು ಅಂಗೈಯಲ್ಲಿ ತಿಕ್ಕಿ ಬಾಯಿಗೆ ಹಾಕಿಕೊಂಡಾಗಿನ ಸಿಹಿ. ಸಮುದ್ರವನ್ನು ಹೋಲಿಸಲು ನನ್ನಲ್ಲಿ ಇದ್ದದ್ದು ಹೊಲ ಮಾತ್ರ.

ವೈನಿ ತಾವು ಮಾತ್ರ ಅದನ್ನು ಬೇಗ ಬೇಗ ತಿಂದು ಮುಗಿಸುತ್ತಿದ್ದರು. ತಂದವರೇ ತಿನ್ನದೆ ಹೋದದ್ದು ಗಂಟಲಲ್ಲಿ ಸರಿಯಾಗಿ ಇಳಿಯುವುದಿಲ್ಲ ಎಂದು ಒಮ್ಮೆ ಹೇಳಿದ ನೆನಪು... ಅಥವಾ ನಾನೇ ಹಾಗೆ ಊಹಿಸಿಕೊಂಡಿದ್ದೆನೋ.

ಆ ದಿನ ವೈನಿಯ ತಂದೆ ಬಂದವರು, ಇದು ಕೊನೆಯ ಸಲ, ಹಡಗಿನ ಕೆಲಸ ಬಿಟ್ಟಾಯಿತು, ಇನ್ನು ಊರಿಗೆ ಹೋಗಿ ಇದ್ದುಬಿಡುತ್ತೇನೆ ಎಂದರು. ಅಲ್ಲಿಂದ ಸೊಲ್ಲಾಪುರಕ್ಕೆ ಬರುವ ಶಕ್ತಿ ಆ ಮೊಣಕಾಲುಗಳಿಗೆ ಇರಲಿಲ್ಲ. ವೈನಿ ಚೀಲ ಹಿಡಿದುಕೊಂಡು ನೇರ ನಮ್ಮ ಹಿತ್ತಲಿಗೆ ಬಂದರು. ಅವರ ಮುಖ ನೋಡಿಯೇ ಅವ್ವನಿಗೆ ಅರ್ಥವಾಯಿತು.

“ನಿನ್ನ ಮನ್ಯಾಗ ಉಣ್ಣಬಾರದು, ಆತು. ನನ್ನ ಮನ್ಯಾಗ ಉಣ್ಣಾಕ ಯಾರ ಅಡ್ಡ ಬಂದಾರ? ಒಲಿ ನಂದು, ಬೆಣ್ಣಿ ವಳಸಂಗದ್ದು, ಚೇಳು ಅವರ್ದ. ನಿಂದೇನೈತಿ ಅದರಾಗ?”

“ಕೈ ನಂದ ಐತಲ್ರಿ ಕಾಕು.”

“ಕೈಗೇನ ಮನಿ ಇರತೈತೇನ? ಸುಮ್ನ ಬಾ.”

ನಮ್ಮಲ್ಲಿ ಮಾಂಸ ಬೇಯುವುದು ಹಿತ್ತಲಿನ ಮೂರು ಕಲ್ಲಿನ ಒಲೆಯ ಮೇಲೆ, ಅದಕ್ಕೆಂದೇ ಬೇರೆ ಇಟ್ಟ ಪಾತ್ರೆಗಳಲ್ಲಿ. ಆ ಒಲೆ ಹೊತ್ತಿತು. ನಾನು ಪಾವು ತಂದೆ. ಜ್ವರ ಬಂದವರಿಗೆ ಚಹಾದಲ್ಲಿ ಅದ್ದಿ ಕೊಡುವ ಪಾವನ್ನು ಅತಿಥಿಗೆ ಬಡಿಸುವುದೇ ಎಂದು ಅವ್ವ ಗೊಣಗಿದಳು. ಚಿಪ್ಪು ಒಡೆಯಲು ಕಲ್ಲು ಸಾಲದೆ ಹೋದಾಗ ತಾನೇ ಒಳಗಿನಿಂದ ಅಡಕೊತ್ತು ತಂದು ಕೊಟ್ಟಳು. ಗಿಳಿಯ ಕೊಕ್ಕು ಹಾರಿದ್ದು ಆಗಲೇ.

ಪಾವು ಸೀಳುವ ಹೊತ್ತಿಗೆ ಅವ್ವ ಕೈ ಅಡ್ಡ ಹಿಡಿದಳು. “ಮಗ್ಗಲಿಂದ ಸೀಳ ಪೋರಿ. ನೆತ್ತಿಂದ ಸೀಳಿದ್ರ ನಿಮ್ಮಪ್ಪಗ ನಿನ್ನ ಕೈ ಗುರುತ ಸಿಗತೈತಿ.”

“ಸಿಗಲಿ,” ಅಂದರು ವೈನಿ. “ಬಾಬಾಗ ಫಸವಿ, ಮೋಸಾ ಮಾಡಿ, ನಾ ಉಣಸಂಗಿಲ್ರಿ ಕಾಕು. ಗೊತ್ತಾಗಲಿ. ಗೊತ್ತಾಗಿ ಉಂಡ್ರ ಉಣ್ಣಲಿ, ಇಲ್ಲಂದ್ರ ಏಳಲಿ.”

“ಎದ್ದ ಹ್ವಾದ್ರ?”

“ನೀವು ತಿನ್ರಿ. ಕೈ ಮುಗಿಯೂದು ಹೆಂಗೂ ಬಾಕಿ ಐತಿ.”

ನಗುತ್ತಲೇ ಹೇಳಿದರು. ಪಾವನ್ನು ನೆತ್ತಿಯಿಂದಲೇ ಸೀಳಿದರು. ಇದನ್ನು ನಾನು ಖಚಿತವಾಗಿ ಕಂಡಿದ್ದೇನೆ. ಅವರ ಬಗ್ಗೆ ನನಗೆ ಇರುವ ಗೌರವವೆಲ್ಲ ಆ ಒಂದು ಸೀಳಿನ ಮೇಲೆ ನಿಂತಿದೆ. ಬಯಸಿದ್ದು ಎದುರಿಗೇ ಇತ್ತು, ಸುಲಭದ ದಾರಿಯೂ ಇತ್ತು. ಅವರು ತಂದೆ ಬೇಡ ಎನ್ನಬಹುದಾದ ದಾರಿಯನ್ನು ತೆರೆದಿಟ್ಟರು. ಇಷ್ಟು ಓದಿದ ಮೇಲೂ ನಾನು ಹಾಗೆ ಮಾಡುತ್ತಿದ್ದೆನೇ?

ಕಟ್ಟೆಯ ಮೇಲಿದ್ದವರನ್ನು ಕರೆಯಲು ನನ್ನನ್ನೇ ಕಳಿಸಿದರು. “ಒಲಿ ಯಾರ್ದು?” ಎಂದು ಮುದುಕರು ಕೇಳಿದರು. ನಮ್ಮದು ಎಂದೆ. ತಂಬಿಗೆ ಎತ್ತಿಕೊಂಡು ಬಂದರು. ಅವರು ಆಡುತ್ತಿದ್ದದ್ದು ಕಡಲ ದಂಡೆಯ ಮರಾಠಿ. ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ, ಅಷ್ಟರಮಟ್ಟಿಗೆ ಆಗಲೇ ಬದಲಾಯಿಸಿದ್ದೇನೆ.

ಪಡಸಾಲೆಯಲ್ಲಿ ನಾವಿಬ್ಬರೂ ಎದುರುಬದುರು ಕೂತೆವು. ಅವ್ವ ತಾಟು ತಂದಿಟ್ಟಳು. ಬಾಗಿಲ ಮರೆಯಿಂದ ವೈನಿ ಉಸಿರು ಒಳಗೆಳೆದುಕೊಂಡದ್ದು ನನಗೆ ಕೇಳಿಸಿತು. ಪಾವಿನ ಮೇಲೆ, ಆ ಬಿಳಿ ಮಾಂಸದ ಮೇಲೆ, ಅವ್ವ ಧಾರಾಳವಾಗಿ ಕೆಂಪು ಶೇಂಗಾ ಚಟ್ನಿ ಉದುರಿಸಿದ್ದಳು! “ಬಾಣಂತಿ ಊಟದಂಗ ಇತ್ತಪ್ಪ, ಮನಿಗೆ ಬಂದಾವರ್ಗೆ ಸಪ್ಪಂದು ಬಡಸೂದೇನ?” ಎಂದು ಆಮೇಲೆ ಜೀವನವಿಡೀ ವಾದಿಸಿದಳು. ಸೊಲ್ಲಾಪುರದ ಕಡೆಯ ಹೆಣ್ಣುಮಗಳು ಮಾತ್ರ ಮಾಡಬಹುದಾದ ಕೆಲಸ ಅದು.

ವೈನಿಯ ತಂದೆ ಒಂದು ತುತ್ತು ಕಚ್ಚಿದರು. ದವಡೆ ನಿಂತಿತು. ಪಾವನ್ನು ತಿರುಗಿಸಿ ಸೀಳನ್ನು ನೋಡಿದರು. ಬಾಗಿಲ ಕಡೆ ನೋಡಿದರು. ನಾನು ಅಗಿಯುವುದನ್ನು ಬಿಟ್ಟು ಕೂತೆ. ಅವರು ಏಳುತ್ತಾರೆ ಎಂದೇ ನನಗನ್ನಿಸಿತು. ಒಂದು ಕೈ ನೆಲಕ್ಕೆ ಊರಿತ್ತು.

“ಈ ಕೆಂಪಂದು ಏನ?” ಅಂದರು.

“ಶೇಂಗಾ ಚಟ್ನಿ ರಿ.”

“ಹಡಗಿನ್ಯಾಗ ಇದಿಲ್ಲ. ನಮ್ಮೂರಾಗ ಇದಿಲ್ಲ.” ಊರಿದ್ದ ಕೈ ನೆಲ ಬಿಟ್ಟಿತು. “ಅಂದ್ರ ಇದು ನಿಮ್ಮ ಮನಿ ಊಟನ.”

ತಲೆ ಎತ್ತದೆ ಪೂರ್ತಿ ತಿಂದರು. ಮೀಸೆಗೆ ಬೆಣ್ಣೆ, ಬೆಣ್ಣೆಗೆ ಚಟ್ನಿ. ತಾಟು ಬರಿದಾದ ಮೇಲೆ ಬಾಗಿಲಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

“ಇನ್ನೊಂದ ಹಾಕ್ರಿ. ಈ ಸಲ ಚಟ್ನಿ ಬ್ಯಾಡ.”

ಅದನ್ನು ಅವ್ವ ತರಲಿಲ್ಲ. ವೈನಿಯೇ ತಂದರು. ನೆತ್ತಿಯಿಂದ ಸೀಳಿದ್ದು, ಬೆಣ್ಣೆ ಇನ್ನೂ ಸಣ್ಣಗೆ ಸದ್ದು ಮಾಡುತ್ತಿತ್ತು. ತಾಟಿಗಿಟ್ಟು ಅಲ್ಲೇ ನಿಂತರು. ಮುದುಕರು ಬಹಳ ನಿಧಾನವಾಗಿ ತಿಂದರು. ಅವರು ಅತ್ತರು ಎಂದು ಅವ್ವ ಹೇಳುತ್ತಿದ್ದಳು. ನಾನು ಕಂಡಿಲ್ಲ, ಆದರೆ ನಾನು ನೋಡುತ್ತಿದ್ದದ್ದು ವೈನಿಯನ್ನು. ಊಟದ ಕೊನೆಗೆ ಮುದುಕರು ಕುಡಿದದ್ದು ಮಾತ್ರ ತಮ್ಮ ತಂಬಿಗೆಯ ನೀರನ್ನೇ.

“ನೀರು ಮುಂದಿನ ಸಲ, ಬಾಬಾ,” ಅಂದರು ವೈನಿ. ಮುದುಕರು ಹೂಂ ಅಂದರು.

ಮುಂದಿನ ಸಲ ಬರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಊರಿನಿಂದ ತಾರು ಬಂತು. ವೈನಿ ಆ ದಿನ ನಮ್ಮ ಹಿತ್ತಲ ಒಲೆಯ ಹತ್ತಿರ ಬಹಳ ಹೊತ್ತು ಕೂತಿದ್ದರು, ಮತ್ತೆ ಎದ್ದು ನೀರು ತರಲು ಹೋದರು. ಕೆಲವು ವರ್ಷಗಳ ಮೇಲೆ ಅವರ ಗಂಡನಿಗೆ ಬೇರೆ ಕಡೆ ವರ್ಗವಾಯಿತು. ಮೊದಮೊದಲು ಯಾರಾದರೂ ಗಾರ್ಡುಗಳ ಬಾಯಲ್ಲಿ ಕ್ಷೇಮಸಮಾಚಾರ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಮಕ್ಕಳಾದವೇ? ತಿಳಿಯದು. ಈಗ ಇದ್ದಾರೋ ಇಲ್ಲವೋ... ಅವ್ವನಂತೂ ಇಲ್ಲ. ಅವಳು ಆ ಚಟ್ನಿಯನ್ನು ನಿಜವಾಗಿಯೂ ಸಪ್ಪೆಯೆಂದೇ ಹಾಕಿದಳೋ, ಮುದುಕರಿಗೊಂದು ನೆಪ ಇರಲೆಂದು ಹಾಕಿದಳೋ ಎಂದು ಕೇಳಬೇಕು ಎನ್ನಿಸುವ ಹೊತ್ತಿಗೆ ಕೇಳಲು ಯಾರೂ ಉಳಿದಿಲ್ಲ.

ಅಡಕೊತ್ತು ಸಿಕ್ಕ ದಿನ ಸಂಜೆ ನಾನೇ ಪಾವು ತಂದೆ. ಹಂಚಿಟ್ಟು ಬೆಣ್ಣೆ ಹಾಕಿದೆ. ಚಾಕು ತಾನಾಗಿ ನೆತ್ತಿಯಿಂದಲೇ ಇಳಿಯಿತು. ಮೊದಲನೆಯದರಲ್ಲಿ ಶೇಂಗಾ ಚಟ್ನಿ ತುಂಬಿ ತಿಂದೆ, ಚೆನ್ನಾಗಿತ್ತು. ಎರಡನೆಯದಕ್ಕೆ ಚಟ್ನಿ ಹಾಕಲಿಲ್ಲ. ಸೀಳಿನ ಎರಡು ಬದಿಯೂ ಕೆಂಪಗಾಗುವ ತನಕ ಹಂಚಿನ ಮೇಲಿಟ್ಟು ತಾಟಿಗೆ ತೆಗೆದೆ. ಒಳಗೆ ತುಂಬಲು ನನ್ನಲ್ಲಿ ಏನೂ ಇರಲಿಲ್ಲ.