ಐವಿಯವರ ಕೋಟಿನಲ್ಲಿ ಇಲ್ಲದ ಗುಂಡಿ

1996ರಲ್ಲಿ ನಾನು ಲಂಡನ್ನಿನ ಒಂದು ಫೋಟೋ ಲ್ಯಾಬಿನ ನೆಲಮಾಳಿಗೆಯಲ್ಲಿ ‘ಸ್ಪಾಟರ್’ ಹುದ್ದೆಯಲ್ಲಿದ್ದೆ. ಹುದ್ದೆ ಎಂಬ ಪದವನ್ನು ಗೌರವಕ್ಕಾಗಿ ಬಳಸಿದ್ದೇನೆ. ಇದ್ದದ್ದು ಒಂದು ಸ್ಟೂಲು, ಒಂದು ದೀಪ, ಒಂದು ಭೂತಗನ್ನಡಿ, ಮತ್ತು ಮೂರು ಸೊನ್ನೆ ನಂಬರಿನ, ಸೂಜಿಮೊನೆಯಂಥ ಒಂದು ಕುಂಚ. ನೆಗೆಟಿವ್ ಮೇಲೆ ಧೂಳಿನ ಕಣ ಕೂತಿದ್ದರೆ ಪ್ರಿಂಟಿನಲ್ಲಿ ಅಲ್ಲೊಂದು ಬಿಳಿ ಚುಕ್ಕೆ ಬೀಳುತ್ತದೆ. ಸುತ್ತಲಿನ ಬೂದುಬಣ್ಣಕ್ಕೆ ಸರಿಹೊಂದುವ ಶಾಯಿಯನ್ನು ಕಲಸಿ, ಆ ಬಿಳಿಯನ್ನು ಕಣ್ಣಿಗೆ ಕಾಣದಂತೆ ಮುಚ್ಚುವುದೇ ಸ್ಪಾಟಿಂಗ್. ಒಳ್ಳೆಯ ಸ್ಪಾಟರ್ ಎಂದರೆ ಅವನೊಬ್ಬ ಇದ್ದಾನೆಂದು ಯಾರಿಗೂ ಗೊತ್ತಾಗಬಾರದು. ಈ ಅಳತೆಯಲ್ಲಿ ನಾನು ಬಹಳ ಯಶಸ್ವಿ. ನಮ್ಮ ಮಾಲೀಕರಿಗೇ ನಾನಿರುವುದು ಆಗಾಗ ಮರೆತುಹೋಗುತ್ತಿತ್ತು.

ನನ್ನ ಕೈ ಪಳಗಿದ್ದು ಧಾರವಾಡದ ಒಂದು ಸ್ಟುಡಿಯೋದಲ್ಲಿ. ಅಲ್ಲಿ ರೀಟಚಿಂಗ್ ಎಂದರೆ ಒಂದು ಬಗೆಯ ಸಮಾಜಸೇವೆ. ಮುಖದ ಮೈಲಿಕಲೆ ಅಳಿಸುತ್ತಿದ್ದೆವು, ಗುಂಪಿನಲ್ಲಿ ಕಣ್ಣು ಮುಚ್ಚಿದ ಬೀಗರಿಗೆ ಕಣ್ಣು ಬರೆಯುತ್ತಿದ್ದೆವು, ವರನ ಕುಗ್ಗಿದ ಭುಜವನ್ನು ಎರಡು ನೂಲು ಮೇಲೆತ್ತುತ್ತಿದ್ದೆವು. “ಕ್ಯಾಮೆರಾ ಕಂಡದ್ದು ಹೇಳತದ. ಮಂದಿ ಮರ್ಯಾದಿ ಉಳಸೋದು ನಮ್ಮ ಕೆಲಸ” ಎಂದು ನಮ್ಮ ಮಾಸ್ತರು ಹೇಳುತ್ತಿದ್ದರು. ಈ ವಾಕ್ಯವನ್ನು ನಾನು ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿ ಲಂಡನ್ನಿಗೆ ತಂದಿದ್ದೆ.

ಲ್ಯಾಬಿಗೆ ಬರುತ್ತಿದ್ದ ಛಾಯಾಗ್ರಾಹಕರಲ್ಲಿ ಹೆಲೆನ್ ಎಂಬಾಕೆ ಬೇರೆಯೇ ಜಾತಿ. ಮದುವೆ, ಫ್ಯಾಷನ್ನು, ಸೋಪಿನ ಜಾಹೀರಾತು ಯಾವುದೂ ಆಕೆಗೆ ಬೇಡ. ಲಂಡನ್ನಿನ ಜನ ತಾವಾಗಿಯೇ ಕಟ್ಟಿಕೊಂಡ ವೇಷ, ಹಬ್ಬ, ಕುಣಿತಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ತೆಗೆಯುತ್ತಿದ್ದರು. ಕಾಲಿಗೆ ಗೆಜ್ಜೆ ಕಟ್ಟಿ ಕರವಸ್ತ್ರ ಬೀಸುವ ಮಾರಿಸ್ ನರ್ತಕರು, ತಲೆಯ ಮೇಲೆ ಬಣ್ಣದ ಜುಟ್ಟು ನಿಲ್ಲಿಸಿದ ಪಂಕ್‌ಗಳು, ಕನ್ನಡಿಗಳನ್ನು ಜಡಿದ ಸ್ಕೂಟರಿನ ಮಾಡ್‌ಗಳು, ಕ್ಲಬ್ಬುಗಳಲ್ಲಿ ಬೆಳಗಿನವರೆಗೆ ಕುಣಿದವರು. ಇವರನ್ನೆಲ್ಲ ನಾನು ಹದಿನಾರಕ್ಕೆ ಇಪ್ಪತ್ತು ಇಂಚಿನ ಕಪ್ಪುಬಿಳುಪಿನಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ, ಚಹಾ ಕುಡಿಯುತ್ತ ಭೇಟಿಯಾಗುತ್ತಿದ್ದೆ. ಆ ದೇಶದ ರಾತ್ರಿಜೀವನವನ್ನು ನನ್ನಷ್ಟು ನೆಟ್ಟಗೆ ಕೂತು, ಅಷ್ಟು ಎಚ್ಚರವಾಗಿ ನೋಡಿದ ಇನ್ನೊಬ್ಬ ಧಾರವಾಡಿಗ ಇರಲಾರ.

ಹೆಲೆನ್ನರ ಕಾನೂನು ಒಂದೇ: ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಚಿತ್ರದಿಂದ ಏನನ್ನೂ ತೆಗೆಯಬಾರದು. ಮೊದಲ ದಿನವೇ ನನಗೆ ಹೇಳಿದ್ದರು: “ಧೂಳು ನಿಮ್ಮದು, ವಸಂತ್. ಉಳಿದದ್ದೆಲ್ಲ ಅವರದು.” ಲ್ಯಾಬಿನಲ್ಲಿ ಉಳಿದವರೆಲ್ಲ ನನ್ನನ್ನು ವಿನ್ಸೆಂಟ್ ಮಾಡಿಬಿಟ್ಟಿದ್ದರು. ಹೆಸರನ್ನೂ ರೀಟಚ್ ಮಾಡದೆ ಕರೆಯುತ್ತಿದ್ದವರು ಆಕೆಯೊಬ್ಬರೇ.

ಆ ವರ್ಷದ ಅಕ್ಟೋಬರಿನಲ್ಲಿ ಪೂರ್ವ ಲಂಡನ್ನಿನ ಒಂದು ಗ್ರಂಥಾಲಯದ ಹಾಲಿನಲ್ಲಿ ಹೆಲೆನ್ನರ ಪ್ರದರ್ಶನ ಇತ್ತು. ವಿಷಯ, ಪರ್ಲಿಗಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಲಂಡನ್ನಿನ ಬೀದಿ ವ್ಯಾಪಾರಿಗಳ ಮನೆತನಗಳಲ್ಲಿ ಬೆಳೆದುಬಂದ ಪದ್ಧತಿ ಇದು. ಕಪ್ಪು ಕೋಟಿನ ತುಂಬ ಮುತ್ತಿನ ಚಿಪ್ಪಿನ ಗುಂಡಿಗಳನ್ನು ಕೈಯಾರೆ ಹೊಲಿದುಕೊಂಡು, ರಾಜ, ರಾಣಿ ಎಂಬ ಬಿರುದು ಹೊತ್ತು, ಬಡವರಿಗಾಗಿ ಚಂದಾ ಎತ್ತುತ್ತಾರೆ. ಬಿರುದು ಮನೆತನದಲ್ಲೇ ಮುಂದುವರಿಯುತ್ತದೆ. ಪ್ರದರ್ಶನದ ಮುಖ್ಯ ಚಿತ್ರ ಐವಿ ಎಂಬ ಎಪ್ಪತ್ತು ದಾಟಿದ ಪರ್ಲಿ ರಾಣಿಯದು. ಚರ್ಚಿನ ಅಂಗಳದಲ್ಲಿ, ಗರಿಯ ಟೋಪಿ ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಇಡೀ ಸಾಮ್ರಾಜ್ಯವನ್ನು ಈಗಷ್ಟೇ ಗುಡಿಸಿ ಮುಗಿಸಿದವರಂತೆ ನಿಂತಿದ್ದರು.

ಪ್ರಿಂಟುಗಳು ತಡವಾಗಿ ಬಂದದ್ದರಿಂದ ಭಾನುವಾರ ಕೆಲಸವನ್ನು ಎಜ್‌ವೇರಿನ ನಮ್ಮ ಫ್ಲಾಟಿಗೇ ಒಯ್ದೆ. ಅಡುಗೆಮನೆಯ ಟೇಬಲ್ಲು ಒರೆಸಿ, ಐವಿಯವರನ್ನು ಹರಡಿ, ಭೂತಗನ್ನಡಿ ಹಿಡಿದೆ. ಧೂಳು ಹೆಚ್ಚಿರಲಿಲ್ಲ. ಆದರೆ ಎಡ ಎದೆಯ ಮೇಲೆ, ಗುಂಡಿಗಳ ಸಾಲಿನ ನಟ್ಟನಡುವೆ, ಒಂದು ಜಾಗ ಖಾಲಿ.

“ಪಾಪ, ಒಂದು ಗುಂಡಿ ಬಿದ್ದಹೋಗ್ಯದ” ಎಂದೆ.

ನನ್ನ ಹೆಂಡತಿ ಶಾಂತಾ ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆ ಆಲ್ಟರ್ ಮಾಡುವ ಕೆಲಸದಲ್ಲಿದ್ದಳು. ಲಂಡನ್ನಿನ ವಾಯವ್ಯ ದಿಕ್ಕಿನ ಅರ್ಧದಷ್ಟು ಪ್ಯಾಂಟುಗಳು ಅವಳ ಕೈಯಿಂದ ಗಿಡ್ಡವಾಗಿದ್ದವು. ಕೈ ಒರೆಸಿಕೊಂಡು ಬಂದು ಭೂತಗನ್ನಡಿ ಕಸಿದುಕೊಂಡಳು.

“ಬಿದ್ದದ್ದಲ್ರೀ ಇದು. ಬಿದ್ದದ್ದಾದ್ರ ದಾರ ಹಿಂಜಿರತದ. ಇಲ್ಲೆ ನೋಡ್ರಿ, ಗಂಟು ಹಾಕಿ ಕತ್ತರಿಸ್ಯಾರ. ಬೇಕಂತಲೇ ತಗದಾರ.”

“ಬೇಕಂತ ಯಾರ ತಗೀತಾರ? ಇಷ್ಟು ಸಾವಿರ ಗುಂಡಿ ಹೊಲಿದಾಕಿ ಒಂದಕ್ಕ ಜಿಪುಣತನ ಮಾಡ್ತಾಳ?”

“ನನಗೇನ ಗೊತ್ತು. ಅಕೀನ್ನ ಕೇಳ್ರಿ.”

“ರಾಣೀಗೆ ಫೋನ್ ಮಾಡಿ, ನಿಮ್ಮ ಗುಂಡಿ ಎಲ್ಲಿ ಅಂತ ಕೇಳ್ಲೇನು?”

“ಕೇಳಿದ್ರ ನಾಲಿಗಿ ಸವೀತದೇನು? ಗಂಟು ನಿಮಗ ತಿಳಿಯೂದಿಲ್ಲ, ನನಗ ತಿಳಿತದ” ಎಂದು ಅವಳು ಒಗ್ಗರಣೆಯ ಕಡೆ ಹೋದಳು.

ಮೂವತ್ತು ವರ್ಷದ ಅನುಭವದ ಮುಂದೆ ಒಂದು ಗಂಟಿನ ಸಾಕ್ಷ್ಯ ನಿಲ್ಲಲಿಲ್ಲ. ನನಗೆ ಕಂಡದ್ದು, ಊರ ಮುಂದೆ ಗುಂಡಿ ಹರಿದ ಕೋಟಿನಲ್ಲಿ ತೂಗಲಿರುವ ಒಬ್ಬ ಹಿರಿಯ ಹೆಣ್ಣುಮಗಳ ಮರ್ಯಾದೆ. ನೀರಿನಲ್ಲಿ ಕರಗುವ ಬಿಳಿ ಬಣ್ಣಕ್ಕೆ ಕೂದಲೆಳೆಯಷ್ಟು ಬೂದು ಸೇರಿಸಿ, ಅಂಚಿಗೆ ನೆರಳು ಕೊಟ್ಟು, ನಡುವೆ ಎರಡು ತೂತು ಇಟ್ಟು, ನಲವತ್ತು ನಿಮಿಷದಲ್ಲಿ ಒಂದು ಗುಂಡಿ ಹೊಲಿದೆ. ಸುಳ್ಳು ಏಕೆ ಹೇಳಲಿ, ಅದು ಆ ಕೋಟಿನ ಅತ್ಯುತ್ತಮ ಗುಂಡಿಯಾಗಿತ್ತು. ಸೋಮವಾರ ಹೆಲೆನ್ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿ “ಸೊಗಸು” ಎಂದರು. ಸಾವಿರಾರು ಗುಂಡಿಗಳಲ್ಲಿ ಒಂದು ಹೆಚ್ಚಾದದ್ದು ಹೊಲಿದವರಿಗಲ್ಲದೆ ಇನ್ನಾರಿಗೆ ಗೊತ್ತಾಗಬೇಕು?

ಬುಧವಾರ ಮಧ್ಯಾಹ್ನ ಹೊಲಿದವರು ಗ್ರಂಥಾಲಯಕ್ಕೆ ಬಂದರು. ಮರುದಿನ ಬೆಳಿಗ್ಗೆ ಪ್ರದರ್ಶನದ ಉದ್ಘಾಟನೆ. ಹೆಲೆನ್ ಲ್ಯಾಬಿಗೆ ಫೋನ್ ಮಾಡಿ, “ವಸಂತ್, ಐವಿಯವರ ಪ್ರಿಂಟಿನಲ್ಲಿ ಏನೋ ದೋಷ ಇದೆಯಂತೆ. ನಿಮ್ಮ ಕುಂಚದ ಪೆಟ್ಟಿಗೆ ತಗೊಂಡು ಬನ್ನಿ” ಎಂದರು. ದಾರಿಯುದ್ದಕ್ಕೂ ಟ್ಯೂಬ್ ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಧೂಳೇ ಆಗಿರಲಿ ಎಂದು ಬೇಡಿಕೊಂಡೆ. ವೃತ್ತಿಜೀವನದಲ್ಲಿ ಧೂಳಿಗಾಗಿ ಪ್ರಾರ್ಥಿಸಿದ್ದು ಅದೊಂದೇ ಸಲ.

ಐವಿಯವರು ಸಾದಾ ಮಳೆಕೋಟಿನಲ್ಲಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ತಮ್ಮದೇ ಚಿತ್ರದ ಕೆಳಗೆ ಕುರ್ಚಿ ಹಾಕಿ ಕೂತಿದ್ದರು. ಬಾಗಿಲ ಮೇಲೆ, ಹೆಲೆನ್ ಬರೆಸಿದ ಫಲಕ: ಈ ಚಿತ್ರಗಳಿಗೆ ಏನನ್ನೂ ಸೇರಿಸಿಲ್ಲ, ಇವುಗಳಿಂದ ಏನನ್ನೂ ತೆಗೆದಿಲ್ಲ.

“ಇದು ನನ್ನ ಕೋಟಲ್ಲ” ಎಂದರು ಐವಿ. ಹಿಂದೆ ಒಮ್ಮೆ ಲ್ಯಾಬಿಗೆ ಬಂದಾಗ ನನ್ನನ್ನು, ಪೋಸ್ಟ್‌ಮನ್ನನನ್ನು, ಬಾಗಿಲ ಬಳಿಯ ಬೆಕ್ಕನ್ನು ಒಂದೇ ಸಮನೆ “ಲವ್” ಎಂದು ಕರೆದಿದ್ದವರು, ಇವತ್ತು ಯಾರನ್ನೂ ಹಾಗೆ ಕರೆಯಲಿಲ್ಲ. “ಅಲ್ಲಿ ಗುಂಡಿ ಇಲ್ಲ. ಐದು ವರ್ಷದಿಂದ ಇಲ್ಲ. ಈ ಚಿತ್ರ ಇಳಿಸಿಬಿಡಿ. ನನ್ನದು ಇಳಿದರೆ ಉಳಿದ ಮನೆಯವರೂ ಅವರವರದ್ದು ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ.”

ಹೆಲೆನ್ನರ ಮುಖ ಬಿಳಿಚಿತ್ತು. ಆ ಮನೆತನಗಳ ನಂಬಿಕೆ ಗಳಿಸಲು ಆಕೆ ಎಷ್ಟು ಭಾನುವಾರ ಚರ್ಚಿನ ಅಂಗಳದಲ್ಲಿ ಕಳೆದಿದ್ದರೆಂದು ನನಗೆ ಗೊತ್ತಿತ್ತು. ಆದರೂ ದನಿ ಏರಿಸದೆ ಹೇಳಿದರು: “ಐವಿ, ಬೆಳಕು ಎಷ್ಟೋ ಸಲ ಮೋಸ ಮಾಡುತ್ತೆ. ನಮ್ಮ ವಸಂತ್ ಧೂಳು ಬಿಟ್ಟು ಬೇರೇನನ್ನೂ ಮುಟ್ಟಲ್ಲ. ಅವರ ಪರವಾಗಿ ನಾನು ಆಣೆ ಮಾಡ್ತೀನಿ.”

ನನಗೊಂದು ಬಾಗಿಲು ತೆರೆದಿತ್ತು. ಬೆಳಕಿನ ಮೇಲೆ ತಪ್ಪು ಹೊರಿಸಿದರೆ ಬೆಳಕೇನು ಎದ್ದು ಬಂದು ಜಗಳ ಆಡುತ್ತಿರಲಿಲ್ಲ. ಆದರೆ ಸುಳ್ಳಾಗುವ ಆಣೆ ಹೆಲೆನ್ನರದು.

“ಬೆಳಕಲ್ಲ. ನಾನೇ ಬರೆದದ್ದು” ಎಂದೆ. “ಬಿದ್ದುಹೋಗಿದೆ ಅಂದುಕೊಂಡೆ. ನಿಮ್ಮ ಕೋಟು ಪೂರ್ತಿ ಕಾಣಲಿ ಅಂತ.”

ಹೆಲೆನ್ ನನ್ನ ಕಡೆ ನೋಡಲಿಲ್ಲ. ಐವಿ ನೋಡಿದರು.

“ಆಲ್ಫಿ ತೀರಿಹೋದಾಗ ನನ್ನ ಕೋಟಿಂದ ಒಂದು ಗುಂಡಿ ಕತ್ತರಿಸಿ, ದಾರಕ್ಕೆ ಗಂಟು ಹಾಕಿ, ಅವನ ವೇಸ್ಟ್‌ಕೋಟಿನ ಜೇಬಲ್ಲಿಟ್ಟು ಮಣ್ಣಿಗೆ ಕಳಿಸಿದೆ. ಅದು ನನ್ನ ಗಂಡನ ಹತ್ತಿರ ಇದೆ. ನೀವು ಅವನ ಜೇಬಿಗೇ ಕೈ ಹಾಕಿಬಿಟ್ರಲ್ಲ.”

ಪೆಟ್ಟಿಗೆ ತೆರೆದು ಹತ್ತಿ, ಕಡ್ಡಿ ಹೊರಗಿಟ್ಟೆ.

ಹೊಸ ಪ್ರಿಂಟು ಮಾಡಲು ಸಮಯ ಸಾಲದು. ಆ ದಪ್ಪ ಕಾಗದ ತೊಳೆದು, ಒಣಗಿಸಿ, ಸಪಾಟು ಮಾಡಲು ಒಂದು ಇಡೀ ದಿನ ಬೇಕು. “ಅಳಿಸಬಹುದು” ಎಂದೆ. “ಅಳಿಸುವಾಗ ಕೆಳಗಿನ ಚಿತ್ರ ಕೆದರಿದರೆ ನಾಳೆ ಗೋಡೆ ಖಾಲಿ.”

“ನಾನು ಇಲ್ಲೇ ಕೂತು ನೋಡ್ತೀನಿ” ಎಂದರು ಐವಿ.

ಚೌಕಟ್ಟನ್ನು ಮಗುಚಿ, ಮೊಳೆ ಕಿತ್ತು, ಗಾಜು ತೆಗೆದೆ. ಹತ್ತಿಯನ್ನು ಕಡ್ಡಿಗೆ ಸುತ್ತಿ, ನೀರಿಗೆ ಅದ್ದಿ, ಹಿಂಡಿ, ಒಂದು ಸಲ ಒತ್ತಿ ತೆಗೆದೆ. ಉಜ್ಜುವಂತಿಲ್ಲ. ಒತ್ತಬೇಕು, ಎತ್ತಬೇಕು, ಹೊಸ ಹತ್ತಿ ಹಿಡಿಯಬೇಕು. ನನ್ನ ಬಾಳಿನ ಅತ್ಯುತ್ತಮ ಗುಂಡಿ ಹತ್ತಿಯ ಮೇಲೆ ಬಿಳಿ ಕಲೆಯಾಗಿ ಬರತೊಡಗಿತು. ಮೊದಲು ನೆರಳು ಹೋಯಿತು, ಆಮೇಲೆ ತೂತುಗಳು, ಕೊನೆಗೆ ಬಿಳಿ. ಹನ್ನೊಂದನೆಯ ಹತ್ತಿಗೆ ಕಪ್ಪು ಬಟ್ಟೆ ಕಂಡಿತು, ಅದರ ನಡುವೆ ಸಾಸಿವೆಗಿಂತ ಚಿಕ್ಕದಾದ ಒಂದು ಗಂಟು. ಶಾಂತಾ ಹೇಳಿದ್ದ ಗಂಟು. ನಾನು ಭೂತಗನ್ನಡಿಯಲ್ಲಿ ನೋಡಿಯೂ ನೋಡದಿದ್ದ ಗಂಟು.

ಭೂತಗನ್ನಡಿಯನ್ನು ಐವಿಯವರ ಕೈಗೆ ಕೊಟ್ಟೆ. ಬಗ್ಗಿ ನೋಡಿದರು.

“ಎರಡು ಸುತ್ತಿನ ಗಂಟು” ಎಂದರು. “ಅವತ್ತು ಅವಸರದಲ್ಲಿ ಹಾಕಿದ್ದು. ಆದರೂ ಚೆನ್ನಾಗೇ ಬಂದಿದೆ, ಅಲ್ವಾ?”

“ನನ್ನ ಹೆಂಡತಿ ಹೊಲಿಗೆಯವಳು. ಅವಳು ಮೊದಲೇ ಹೇಳಿದ್ದಳು, ಇದು ಬಿದ್ದದ್ದಲ್ಲ, ಬೇಕಂತಲೇ ಕತ್ತರಿಸಿದ್ದು ಅಂತ. ನಾನು ಕೇಳಲಿಲ್ಲ.”

“ಆಲ್ಫಿಯೂ ಹಾಗೇ, ಕೇಳ್ತಿರಲಿಲ್ಲ.” ಐವಿ ಕೈಚೀಲ ತೆಗೆದುಕೊಂಡು ಎದ್ದರು. “ಮೇಲಕ್ಕೆ ತೂಗುಹಾಕಿ ಅದನ್ನ. ಇಲ್ಲಿ ಎಲ್ಲಾದರೂ ಚಹಾ ಸಿಗುತ್ತಾ, ಲವ್?”

ಆ ಪದವನ್ನು ಕೇಳಿ ಅಷ್ಟೊಂದು ಹಗುರಾದ ಗಂಡಸು ಆ ಊರಿನಲ್ಲಿ ನಾನೊಬ್ಬನೇ ಇರಬೇಕು. ಹೆಲೆನ್ ಮಾತ್ರ ಎರಡು ವಾರ ನನ್ನೊಂದಿಗೆ ಚೀಟಿಯ ಮೂಲಕ ವ್ಯವಹರಿಸಿದರು. ಮೂರನೆಯ ವಾರದ ಚೀಟಿಯಲ್ಲಿ ಒಂದೇ ಸಾಲು: “ಮುಂದಿನ ಸಲ ಅನುಮಾನ ಬಂದರೆ ಶಾಂತಾ ಅವರನ್ನು ಕೇಳಿ.” ಚೀಟಿಯನ್ನು ಮನೆಗೆ ತಂದು ಶಾಂತಾಳಿಗೆ ತೋರಿಸಿದೆ. ಅದನ್ನವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಫ್ರಿಜ್ಜು ಎರಡು ಬದಲಾದರೂ ಚೀಟಿ ಬದಲಾಗಲಿಲ್ಲ.

ಎಂಟು ವರ್ಷ ಕಳೆಯಿತು. ಡಿಜಿಟಲ್ ಬಂತು. ಒಂದು ಕ್ಲಿಕ್ಕಿಗೆ ನೂರು ಚುಕ್ಕೆ ಅಳಿಸುವ ಯಂತ್ರಗಳ ಎದುರು ನನ್ನ ಮೂರು ಸೊನ್ನೆಯ ಕುಂಚ ವಸ್ತುಸಂಗ್ರಹಾಲಯದ ಕಡೆ ಮುಖ ಮಾಡಿತು. ಲ್ಯಾಬು ಡಾರ್ಕ್‌ರೂಂ ಮುಚ್ಚುವ ವಾರ, ಹೈಪೋ ದ್ರಾವಣದ ಹುಳಿವಾಸನೆ ಕೊನೆಯ ಸಲ ಬಟ್ಟೆಗೆ ಅಂಟಿಕೊಳ್ಳುತ್ತಿದ್ದ ದಿನಗಳಲ್ಲಿ, ಹೆಲೆನ್ನರ ಒಂದು ಪ್ರಿಂಟು ನನ್ನ ಟೇಬಲ್ಲಿಗೆ ಬಂತು. ಅದೇ ಚರ್ಚಿನ ಅಂಗಳ, ಅದೇ ಕೋಟು. ಒಳಗೆ ಬೇರೆ ಹೆಂಗಸು, ಐವಿಯವರ ಮಗಳು. ಐವಿಯವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಹೀಗೆ, ತಾಯಿಯದೇ ಆದ ಒಂದು ಗಲ್ಲದ ರೇಖೆಯಿಂದ.

ಎಡ ಎದೆಯ ಮೇಲೆ, ಮಾಸಿದ ಗುಂಡಿಗಳ ನಟ್ಟನಡುವೆ, ಒಂದು ಚುಕ್ಕೆ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಧೂಳಿಗೆ ಇರುವ ಎಲ್ಲ ಲಕ್ಷಣ. ಕೈ ತಾನಾಗಿ ಕುಂಚ ಎತ್ತಿತು, ಶಾಯಿಗೆ ಅದ್ದಿತು, ತುದಿಯನ್ನು ಚೂಪು ಮಾಡಿತು. ಮೂವತ್ತೆಂಟು ವರ್ಷದ ಅಭ್ಯಾಸಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಾಗದದಿಂದ ಒಂದು ಅಂಗುಲ ಮೇಲೆ ಕೈಯನ್ನು ನಿಲ್ಲಿಸಿ, ಇನ್ನೊಂದು ಕೈಯಿಂದ ಹೆಲೆನ್ನರಿಗೆ ಫೋನ್ ಮಾಡಿದೆ.

“ಎಡಗಡೆ ಒಂದು ಬಿಳಿ ಚುಕ್ಕೆ ಇದೆ. ಧೂಳೋ, ಗುಂಡಿಯೋ?”

“ಗುಂಡಿ. ಅಪ್ಪ ಆಲ್ಫಿಯ ಕೋಟಿನದಂತೆ. ಇಷ್ಟು ವರ್ಷ ಬೀರುವಿನ ಕತ್ತಲಲ್ಲಿತ್ತು, ಅದಕ್ಕೇ ಹೊಳಪು. ಮಗಳೇ ಹೊಲಿದದ್ದು.”

ಮರ್ಯಾದೆ ಉಳಿಸಬೇಕೆಂದು ಮಾಸ್ತರು ಹೇಳಿದ್ದು ಸರಿಯೇ ಇತ್ತು. ಅದನ್ನು ಹೇಗೆ ಉಳಿಸಬೇಕೆಂದು ಆ ಮರ್ಯಾದೆಯ ಒಡೆಯರನ್ನೇ ಕೇಳಬೇಕೆನ್ನುವುದನ್ನು ಈ ಕೆಲಸ ನನಗೆ ಕಲಿಸಿತು, ಅದೂ ಡಾರ್ಕ್‌ರೂಂ ಮುಚ್ಚುವ ಹೊತ್ತಿಗೆ. ಭೂತಗನ್ನಡಿ ಇಟ್ಟು ನೋಡಿದೆ. ಎರಡು ತೂತು, ಹೊಸ ದಾರ, ಸ್ವಲ್ಪ ಸೊಟ್ಟ. ಧಾರವಾಡದಲ್ಲಾಗಿದ್ದರೆ ನೆಟ್ಟಗೆ ಮಾಡುತ್ತಿದ್ದೆ. ಕುಂಚವನ್ನು ತೊಳೆದು, ತುದಿ ಹಿಂಡಿ, ಒಣಗಲು ಇಟ್ಟೆ.