ಏಳಕ್ಕೆ ನಿಂತ ಪೆಟ್ಟಿಗೆ

ನಮ್ಮ ಯಜಮಾನರು ಒಂದು ಸಲ ಕೈ ಹಾಕಿದ ಆಂಪ್ಲಿಫೈಯರ್ ಮತ್ತೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹಾಡುವವರು, ಬಾರಿಸುವವರೆಲ್ಲ ಹೇಳುತ್ತಿದ್ದರು. ಆಗ ನನಗೆ ಕೋಡು ಮೂಡುತ್ತಿತ್ತು. ಈಗಲೂ ಹಳಬರು ಯಾರಾದರೂ ಬಂದು ಅದೇ ಮಾತು ಆಡಿದರೆ ಮೈ ಉರಿಯುತ್ತದೆ, ಪರದೆ ಎಳೆದುಕೊಂಡು ಒಳಗೆ ಹೋಗಿಬಿಡುತ್ತೇನೆ.

ಅಂಗಡಿ ಅಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಬಾಗಿಲು ತೆಗೆದರೆ ರಸ್ತೆ, ಪರದೆ ಸರಿಸಿದರೆ ನನ್ನ ಅಡುಗೆಮನೆ. ಗೋಡೆಗೆಲ್ಲ ಹಲಗೆ ಹೊಡೆದಿದೆ, ಹಲಗೆಯ ತುಂಬ ಹೊಟ್ಟೆ ಬಿಚ್ಚಿಕೊಂಡು ಕೂತ ಪೆಟ್ಟಿಗೆಗಳು. ಬೆಸುಗೆಯ ಹೊಗೆ ನನ್ನ ಬಟ್ಟೆಬರೆಗೆಲ್ಲ ಹತ್ತುತ್ತದೆ ಎಂದು ಮದುವೆಯಾದ ಹೊಸದರಲ್ಲಿ ಜಗಳ ತೆಗೆಯುತ್ತಿದ್ದೆ. ಆಮೇಲೆ ಮೂಗೇ ಸೋತು ಸುಮ್ಮನಾಯಿತು. ಇವರು ಮೂಲೆಯ ಸ್ಟೂಲಿನ ಮೇಲೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತರೆಂದರೆ ಊಟಕ್ಕೆ ಎಬ್ಬಿಸುವುದೇ ಒಂದು ಕೆಲಸ.

ಪೆಟ್ಟಿಗೆ ವಾಪಸು ಕೊಡುವಾಗ ಇವರು ಹೇಳುವ ಪಾಠ ನನಗೂ ಬಾಯಿಗೆ ಬಂದುಬಿಟ್ಟಿದೆ. "ಆರಿಸೋಕೆ ಮುಂಚೆ ಸೌಂಡ್ ಸೊನ್ನೆಗೆ ತನ್ನಿ. ಆಮೇಲೆ ಸ್ವಿಚ್ಚು. ಬಿಸಿ ಇರೋವಾಗ ಗವಸು ಹಾಕ್ಬೇಡಿ. ಮೇಲೆ ಕೈ ಇಟ್ಟು ನೋಡಿ, ತಣ್ಣಗಾದ್ಮೇಲೆ ಮುಚ್ಚಿ. ಗೋಡೆಗೆ ಒತ್ತಿ ಇಡ್ಬೇಡಿ, ಅದೂ ಉಸಿರಾಡ್ಬೇಕು." ಎದುರಿಗಿದ್ದವರು ಕೋಲೆಬಸವನ ಹಾಗೆ ತಲೆ ಆಡಿಸುತ್ತಾರೆ. ಹೊಸಿಲು ದಾಟಿದ ಮೇಲೆ ಅವರಿಗೆ ತೋಚಿದ್ದೇ ದಾರಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ "ಮಲ್ಕೋ, ಸರಿಹೋಗುತ್ತೆ" ಎಂದು ಮುಗಿಸುವ ಈ ಮನುಷ್ಯ, ಸುಟ್ಟುಹೋದ ಸ್ಪೀಕರ್ ಕಂಡರೆ ಊಟದ ತಟ್ಟೆ ಮುಂದಿಟ್ಟುಕೊಂಡೂ ತುತ್ತು ಎತ್ತುತ್ತಿರಲಿಲ್ಲ. ನಾನು ಮಿಕ್ಸಿ ಹಾಕಿದರೂ ಪರದೆಯ ಆಚೆಯಿಂದ ಕೂಗು ಬರುತ್ತಿತ್ತು: "ಅದರ ಗಂಟಲು ಹರಿದುಹೋಗುತ್ತೆ, ಸಾಕು ಮಾಡೇ!"

ಆ ಸಂಕಟದಲ್ಲೇ ಇವರು ಒಂದು ಉಪಾಯ ಕಂಡುಕೊಂಡರು. ಎಷ್ಟು ಹೇಳಿದರೂ ಕೇಳದೆ ಸೌಂಡನ್ನು ಕೊನೆಯವರೆಗೂ ತಿರುಗಿಸಿ ಪೆಟ್ಟಿಗೆ ಸುಡುವವರು ಕೆಲವರಿರುತ್ತಾರೆ. ಅಂಥವರ ಪೆಟ್ಟಿಗೆಯೊಳಗೆ, ಸೌಂಡಿನ ಗುಂಡಿಯ ಹಿಂದೆ, ಅಕ್ಕಿಕಾಳಿನಷ್ಟು ದಪ್ಪದ ಒಂದು ರೆಸಿಸ್ಟರ್ ಬೆಸೆದುಬಿಡುವುದು. ಆಮೇಲೆ ಗುಂಡಿಯನ್ನು ಹತ್ತರ ಗುರುತಿಗೆ ತಂದರೂ ಪೆಟ್ಟಿಗೆ ಮೊದಲಿನ ಏಳರಷ್ಟೇ ಸದ್ದು ಮಾಡುತ್ತದೆ. "ಅವ್ರಿಗೆ ಹತ್ತರ ಖುಷಿ, ಪೆಟ್ಟಿಗೆಗೆ ಏಳರ ದುಡಿತ," ಎಂದು ನನಗೆ ತೋರಿಸಿ ನಕ್ಕಿದ್ದರು. ಪೆಟ್ಟಿಗೆ ತೆಗೆದುಕೊಂಡು ಹೋದವರು ಯಾರೂ ಕಂಡುಹಿಡಿಯಲಿಲ್ಲ.

ನನಗೊಬ್ಬ ತಮ್ಮನಿದ್ದಾನೆ. ಅಮ್ಮ ಹೋದ ಮೇಲೆ ನಾನೇ ಎತ್ತಿ ಆಡಿಸಿ ಬೆಳೆಸಿದವನು. ಹಾಡುವುದೇ ಅವನ ಕೆಲಸ. ದೊಡ್ಡ ಹೆಸರೇನೂ ಇಲ್ಲ. ಒಂದು ಹೋಟೆಲಿನ ಊಟದ ಹಾಲಿನಲ್ಲಿ ಸಂಜೆ ಹೊತ್ತು, ಒಬ್ಬ ಗಿಟಾರಿನವನು, ಒಬ್ಬ ಡ್ರಮ್ಮಿನವನ ಜೊತೆ. ಜನ ತಿನ್ನುತ್ತ ಹರಟುತ್ತ ಅರ್ಧ ಕಿವಿಯಲ್ಲಿ ಕೇಳುವ ಹಾಡು. ಆದರೆ ಆ ದನಿ! ನನ್ನ ತಮ್ಮ ಅಂತ ಹೇಳುತ್ತಿಲ್ಲ. ಪಾತ್ರೆ ತೊಳೆಯುವಾಗ ಅವನು ಬಾಗಿಲಿಗೆ ಒರಗಿ ಸುಮ್ಮನೆ ಗುನುಗಿದರೂ ನಾನು ನಲ್ಲಿ ನಿಲ್ಲಿಸಿ ಕೇಳುತ್ತಿದ್ದೆ. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಸ್ಪೀಕರ್ ಒಳಗೇ ಇರುವ ಅವನ ಕಪ್ಪು ಆಂಪ್ಲಿಫೈಯರ್ ಮೇಲಿಂದ ಮೇಲೆ ಸುಡುತ್ತಿತ್ತು. ಪ್ರತಿ ಸಲವೂ ಹೊತ್ತುಕೊಂಡು ಬಂದು, ಕಳ್ಳ ಬೆಕ್ಕಿನ ಹಾಗೆ ಬಾಗಿಲಲ್ಲಿ ನಿಲ್ಲುತ್ತಿದ್ದ.

"ಭಾವ, ಇದೇ ಕೊನೆ. ನಿಮ್ಮಾಣೆ."

"ಹೋದ ಸಲಾನೂ ಅದೇ ಕೊನೆ ಆಗಿತ್ತು ಕಣೋ."

ರಿಪೇರಿ ಮುಗಿಯುವ ತನಕ ಅವನಿಗೆ ಹಾಡಿಲ್ಲ. ಮುಖ ಬಾಡಿಸಿಕೊಂಡು ನನ್ನ ಅಡುಗೆಮನೆಯಲ್ಲೇ ಸುತ್ತುತ್ತಿದ್ದ. ಅದನ್ನು ನೋಡಲಾರದೆ, ಅಕ್ಕರೆಯಿಂದಲೇ, ಇವರು ಒಂದು ದಿನ ಅವನ ಪೆಟ್ಟಿಗೆಗೂ ಆ ರೆಸಿಸ್ಟರ್ ಬೆಸೆದುಬಿಟ್ಟಿದ್ದರು. ಅವನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನನಗೆ ತಿಳಿದಾಗ ಎಲ್ಲ ಮುಗಿದಿತ್ತು.

ಆಮೇಲೆ ಪೆಟ್ಟಿಗೆ ಕೆಡಲೇ ಇಲ್ಲ. ತಮ್ಮ ಕಂಡಕಂಡವರ ಹತ್ತಿರ ಭಾವನ ಗುಣಗಾನ ಮಾಡಿದ. ಇವರ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದವನೂ ಅವನೊಬ್ಬನೇ. ಹಾಡು ಮುಗಿದು ಜೊತೆಯವರು ಊಟಕ್ಕೆ ಕೂತರೂ ಇವನು ಪೆಟ್ಟಿಗೆಯ ಮೇಲೆ ಕೈಯಿಟ್ಟು ಅದು ತಣ್ಣಗಾಗುವುದನ್ನು ಕಾಯುತ್ತಿದ್ದನಂತೆ. ಗವಸನ್ನು ನಾನೇ ಹೊಲಿದು ದಾರ ಹಾಕಿ ಕೊಟ್ಟಿದ್ದೆ.

ಬರಬರುತ್ತ ಅವನ ದನಿ ಒರಟಾಯಿತು. ಬೆಳಿಗ್ಗೆ ಎದ್ದರೆ ಮಾತು ಹೊರಡುತ್ತಿರಲಿಲ್ಲ.

"ಹೋಟೆಲಲ್ಲಿ ಗಲಾಟೆ ಜಾಸ್ತಿಯಾಗಿದೆ ಅಕ್ಕ. ನನ್ನ ದನಿ ನನಗೇ ಕೇಳಿಸಲ್ಲ. ಹತ್ತಕ್ಕಿಟ್ರೂ ಸಾಲಲ್ಲ. ಸ್ವಲ್ಪ ಜೋರಾಗಿ ಹಾಡ್ತೀನಿ, ಅಷ್ಟೇ."

ಬಿಸಿನೀರು ಕುಡಿಸಿದೆ, ಬೈದೆ, ಬೇಡಿಕೊಂಡೆ. ಗಿಟಾರಿನವನು ಒಳ್ಳೆಯ ಮಾತಿನಲ್ಲಿ "ನಿನ್ನ ಪೆಟ್ಟಿಗೇಲೇ ಏನೋ ಐಬಿದೆ, ಬೇರೆ ತಗೋ" ಅಂದನಂತೆ. ತಮ್ಮ ಅವನ ಮೇಲೆ ಹರಿಹಾಯ್ದು ಮಾತು ಬಿಟ್ಟ.

"ಅದು ಭಾವ ಕೈಯಾರೆ ರಿಪೇರಿ ಮಾಡಿದ ಪೆಟ್ಟಿಗೆ. ಐಬಿದ್ರೆ ನನ್ನಲ್ಲೇ ಇರ್ಬೇಕು," ಎಂದು ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಇವರ ಎದುರಿಗೇ ಹೇಳಿದ. ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಹೊಗಳಿದರೆ ನಾಚಿಕೊಳ್ಳುವ ಮನುಷ್ಯ ಅಂದುಕೊಂಡೆ ನಾನು.

ಕೊನೆಗೆ ಒಂದು ಸಂಜೆ ಹಾಡಿನ ನಡುವೆಯೇ ದನಿ ಕಟ್ಟಿಹೋಯಿತು. ಕೂಗಿ ಕೂಗಿ ಸ್ವರತಂತುಗಳ ಮೇಲೆ ಗಂಟು ಕಟ್ಟಿದೆ, ಇಷ್ಟು ತಡಮಾಡಬಾರದಿತ್ತು ಎಂದರು ಗಂಟಲಿನ ಡಾಕ್ಟರು. ಆಪರೇಷನ್ ಆಯಿತು. ಡಾಕ್ಟರು ಹೇಳಿದಂತೆ ತಿಂಗಳುಗಟ್ಟಲೆ ಮೌನವಾಗಿಯೂ ಇದ್ದ. ಉಳಿದದ್ದು ಗಾಳಿ ಬೆರೆತ ಒಂದು ಪಿಸುಮಾತು. ಹೋಟೆಲಿನವರು ಬೇರೆ ಹಾಡುವವನನ್ನು ಹುಡುಕಿಕೊಂಡರು.

ಅದಾದ ಮೇಲೆ ಒಂದು ಮಧ್ಯಾಹ್ನ ತಮ್ಮ ಆ ಕಪ್ಪು ಪೆಟ್ಟಿಗೆ ಹೊತ್ತುಕೊಂಡು ಬಂದ. "ಯಾರಾದ್ರೂ ಹಾಡೋರಿಗೆ ಕೊಡಿ ಭಾವ. ಒಂದು ದಿನಾನೂ ಕೈ ಕೊಟ್ಟಿಲ್ಲ ಇದು," ಎಂದು ಪಿಸುಗುಟ್ಟಿ, ಮುಖ ತೊಳೆಯಲು ಹಿತ್ತಲಿಗೆ ಹೋದ. ನಾನು ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಇವರು ಪೆಟ್ಟಿಗೆ ಬಿಚ್ಚಿ, ಕೆಲಸ ಮುಗಿಸಿ, ಕೊನೆಯ ಸ್ಕ್ರೂ ತಿರುಗಿಸುತ್ತಿದ್ದರು. ಪಕ್ಕದ ಡಬ್ಬಿಯ ಮುಚ್ಚಳದಲ್ಲಿ ಆ ಅಕ್ಕಿಕಾಳು ಬಿದ್ದಿತ್ತು. ನೋಡಿದ ಕೂಡಲೇ ನನಗೆ ಅರ್ಥವಾಯಿತು. ಲೋಟ ಎಲ್ಲಿಟ್ಟೆನೋ ಗೊತ್ತಿಲ್ಲ.

"ರೀ, ಇದು ಇವನ ಪೆಟ್ಟಿಗೇಲಿತ್ತಾ?"

ಇವರು ಬಾಯಿ ತೆರೆಯುವ ಮುಂಚೆಯೇ ತಮ್ಮ ಬಂದ. ಚಹಾ ಎತ್ತಿ ಒಂದು ಗುಟುಕು ಕುಡಿದು, ಮೇಜಿನ ಮೇಲಿದ್ದ ಮೈಕನ್ನು ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ಚು ಹಾಕಿದ. "ಬೇಡ ಕಣೋ, ಬಿಡು," ಎಂದರು ಇವರು. "ಕೊಡೋ ಮುಂಚೆ ಒಂದ್ಸಲ," ಎಂದು ಅವನು ಗುಂಡಿಯನ್ನು ನಿಧಾನಕ್ಕೆ ತಿರುಗಿಸುತ್ತ ಮೈಕನ್ನು ಬಾಯಿಗೆ ಹಿಡಿದ.

"ಸಕ್ಕರೆ ಜಾಸ್ತಿಯಾಗಿದೆ ಅಕ್ಕ."

ಆ ಪಿಸುಮಾತು ಕೋಣೆಯ ತುಂಬ ತುಂಬಿಕೊಂಡಿತು. ಹಲಗೆಯ ಮೇಲಿನ ಸ್ಕ್ರೂ ಡಬ್ಬಿಗಳು ನಡುಗಿ ಸದ್ದು ಮಾಡಿದವು. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ತಿರುಗಿ ನೋಡಿದರು. ತಮ್ಮ ಗುಂಡಿಯನ್ನು ನೋಡಿದ. ಅದಿನ್ನೂ ಅರ್ಧಕ್ಕೂ ಬಂದಿರಲಿಲ್ಲ.

"ಭಾವ, ಇದಕ್ಕೆ ಈಗ ಏನ್ ಮಾಡಿದ್ರಿ?" ಆ ಪ್ರಶ್ನೆಯೂ ಪೆಟ್ಟಿಗೆಯಿಂದಲೇ ದೊಡ್ಡದಾಗಿ ಬಂತು.

"ಒಳಗಿದ್ದ ಒಂದು ರೆಸಿಸ್ಟರ್ ತೆಗ್ದೆ. ಸೌಂಡ್ ತಡೀತಿತ್ತು."

"ಯಾರು ಹಾಕಿದ್ದು?"

"ನಾನೇ. ಪೆಟ್ಟಿಗೆ ಸುಡಬಾರ್ದು, ನಿನ್ನ ಹಾಡು ನಿಲ್ಲಬಾರ್ದು ಅಂತ." ಇವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅವತ್ತು ಊಟಕ್ಕೆ ಕೂತಾಗ ಐಬಿನ ಮಾತು ಹೇಳಿದೆಯಲ್ಲ, ಆಗಲೇ ಅನುಮಾನ ಬಂತು. ಹೇಳೋಕೆ ಬಾಯಿ ಬರ್ಲಿಲ್ಲ. ರಿಪೇರಿಗೆ ಅಂತ ಹೇಗೂ ಬರುತ್ತಲ್ಲ, ಆಗ ಸದ್ದಿಲ್ದೆ ತೆಗೆದ್ರಾಯ್ತು ಅಂದ್ಕೊಂಡೆ. ಅದು ಕೆಡಲೇ ಇಲ್ಲ."

ತಮ್ಮ ಬೈಯಲಿ, ಪೆಟ್ಟಿಗೆಯನ್ನು ಎತ್ತಿ ರಸ್ತೆಗೆ ಎಸೆಯಲಿ ಎಂದು ನಾನು ಬಯಸಿದೆ. ಅವನು ಮೈಕನ್ನು ಮೇಜಿನ ಮೇಲಿಟ್ಟ. ಸೌಂಡನ್ನು ಸೊನ್ನೆಗೆ ತಂದ. ಆಮೇಲೆ ಸ್ವಿಚ್ಚು ಆರಿಸಿದ. ಸ್ಟೂಲು ಎಳೆದುಕೊಂಡು ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತ. ನಾವು ಮೂವರೂ ಅದು ತಣ್ಣಗಾಗುವವರೆಗೂ ಕಾದೆವು. ಕೈಗೆ ತಣ್ಣಗೆ ಹತ್ತಿದ ಮೇಲೆ ನಾನು ಹೊಲಿದ ಗವಸನ್ನು ಹೊದಿಸಿ, ದಾರ ಕಟ್ಟಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮತ್ತೆ ಅವನು ನಮ್ಮ ಮನೆಗೆ ಬಂದಿಲ್ಲ. ಇವರು ಈಗ ಯಾರ ಪೆಟ್ಟಿಗೆಗೂ ಆ ರೆಸಿಸ್ಟರ್ ಹಾಕುವುದಿಲ್ಲ. ಹಳಬರ ಪೆಟ್ಟಿಗೆಗಳನ್ನು ತಾವಾಗಿ ಕೇಳಿ ತರಿಸಿಕೊಂಡು ಒಳಗೆ ಹಾಕಿದ್ದನ್ನು ತೆಗೆಯುತ್ತಾರೆ, ಅವು ಸುಟ್ಟು ಮತ್ತೆ ಬರುತ್ತವೆ. ತಮ್ಮನ ಪೆಟ್ಟಿಗೆಯನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ಬಳಸದೆ ಇಟ್ಟರೆ ಒಳಗಿನದೆಲ್ಲ ಒಣಗುತ್ತದೆಂದು ವಾರಕ್ಕೊಮ್ಮೆ ಹಚ್ಚಿ, ಆರಿಸಿ, ಕೈಯಿಟ್ಟು ನೋಡಿ ಮುಚ್ಚುತ್ತಾರೆ. ನಾನೇ ಅಡುಗೆ ಕಟ್ಟಿಕೊಂಡು ತಮ್ಮನ ಕೋಣೆಗೆ ಹೋಗಿ ಬರುತ್ತೇನೆ. ಭಾವನನ್ನು ಅವನು ವಿಚಾರಿಸುವುದಿಲ್ಲ. ಹೊರಡುವಾಗ ಒಂದೇ ಒಂದು ಕೇಳುತ್ತಾನೆ, ಕಿವಿ ಹತ್ತಿರ ಒಯ್ದರೆ ಮಾತ್ರ ಕೇಳಿಸುತ್ತದೆ.

"ಪೆಟ್ಟಿಗೆ ಹೇಗಿದೆ ಅಕ್ಕ?"

"ಚೆನ್ನಾಗಿದೆ ಕಣೋ," ಎನ್ನುತ್ತೇನೆ. ಚೆನ್ನಾಗಿಯೇ ಇದೆ.